ಸೂಜಿ ಮಾಡಿಸಿಕೊಂಡವರು

ರಕ್ತದಾನದ ಮಹತ್ವ ಕುರಿತು ಇಪ್ಪತ್ತು ವರ್ಷ ಭಾಷಣ ಮಾಡಿದ ನಾನು, ಆ ಇಪ್ಪತ್ತು ವರ್ಷಗಳಲ್ಲಿ ಒಂದು ಹನಿ ರಕ್ತವನ್ನೂ ಯಾರಿಗೂ ಕೊಟ್ಟಿರಲಿಲ್ಲ. ಕಮಲಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಹುಟ್ಟಿ ಬೆಳೆದದ್ದೂ ಅದೇ ಊರಿನಲ್ಲಿ. ಮನೆ ಮಾತ್ರ ಈಗ ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶಾಲೆಯಲ್ಲಿ ಶಿಬಿರ ನಡೆದಾಗಲೆಲ್ಲ ಮೈಕು ಹಿಡಿದು, ಒಂದು ಬಾಟಲಿ ರಕ್ತದಿಂದ ಎಷ್ಟು ಜೀವ ಉಳಿಯುತ್ತವೆ ಎಂದು ಗಂಟಲು ಹರಿಯುವಂತೆ ಹೇಳಿ, ಮಕ್ಕಳ ಅಪ್ಪಂದಿರನ್ನು ಒಬ್ಬೊಬ್ಬರನ್ನಾಗಿ ಮಂಚ ಹತ್ತಿಸುತ್ತಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಶಾಮಿಯಾನದ ಹಿಂದೆ ಏನೋ ಅರ್ಜೆಂಟ್ ಕೆಲಸ ಹುಟ್ಟುತ್ತಿತ್ತು. ಸೂಜಿ ಎಂದರೆ ನನಗೆ ಚಿಕ್ಕಂದಿನಿಂದಲೂ ಜೀವಭಯ.

ಆ ವರ್ಷ ಸಿಕ್ಕಿಬಿದ್ದೆ. ಗುಡಿಯ ಹತ್ತಿರದ ಕಾಲೇಜೊಂದರಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯರು ಶಿಬಿರ ಇಟ್ಟು, ಭಾಷಣಕ್ಕೆ ನನ್ನನ್ನೇ ಕರೆದಿದ್ದರು. ಭಾಷಣ ಮುಗಿದದ್ದೇ, ಒಂದು ಕಾಲಕ್ಕೆ ನನ್ನಿಂದ ದಿನಾ ಬೈಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಬಂದು ಕೈಹಿಡಿದಳು. "ಸರ, ನಮಗ ಹೇಳಿಕೊಟ್ಟವರು ನೀವು. ಇವತ್ತು ಮೊದಲ ನೀವು ಮಲಗ್ರಿ" ಎಂದಳು. ನೂರು ಕಣ್ಣುಗಳ ಮುಂದೆ ವಿಜ್ಞಾನದ ಮಾಸ್ತರ ಸೂಜಿಗೆ ಹೆದರಿ ಓಡುವುದು ಚಂದವಲ್ಲ. ಮಲಗಿದೆ, ಕಣ್ಣು ಮುಚ್ಚಿದೆ, ಮನೆದೇವರನ್ನು ನೆನೆದೆ. ಎದ್ದಾಗ ಬಿಸ್ಕತ್ತು, ಹಣ್ಣಿನ ರಸ, ಒಂದು ಪ್ರಮಾಣಪತ್ರ ಕೊಟ್ಟರು. ಮಂಚದ ಮೇಲೆ ಮಲಗಿದ ನನ್ನ ಫೋಟೋ ಎರಡು ದಿನ ನನ್ನದೇ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ರಾರಾಜಿಸಿತು.

ಎರಡು ವಾರದ ನಂತರ ರಕ್ತನಿಧಿಯಿಂದ ಫೋನು ಬಂತು. ಒಮ್ಮೆ ಬಂದು ಹೋಗಬೇಕು, ಒಬ್ಬರೇ ಬಂದರೆ ಒಳ್ಳೆಯದು ಎಂದರು. ಸನ್ಮಾನವಿರಬೇಕು ಎಂದುಕೊಂಡೆ. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿ ರಕ್ತ ಕೊಟ್ಟವನನ್ನು ಗುರುತಿಸುವುದು ಸಮಾಜದ ಕರ್ತವ್ಯ ತಾನೇ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಸಣ್ಣ ಕೋಣೆಯಲ್ಲಿ ಕೂತಿದ್ದ ಸಮಾಲೋಚಕರು ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು. ನನ್ನ ರಕ್ತದ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಕಾಣಿಸಿದೆ, ಅದು ಯಕೃತ್ತಿಗೆ ತಗಲುವ ವೈರಸ್, ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ ಆಗಬೇಕು. ನನ್ನ ರಕ್ತ ಏನಾಯಿತು ಎಂದು ಕೇಳಿದೆ.

"ಅದನ್ನ ಯಾರಿಗೂ ಕೊಡಂಗಿಲ್ರಿ ಸರ. ನಾಶ ಮಾಡೀವಿ."

ಐವತ್ತೆರಡು ವರ್ಷ ಜೋಪಾನವಾಗಿ ಕಾಪಾಡಿಕೊಂಡ ರಕ್ತ. ಮನಸ್ಸು ಗಟ್ಟಿ ಮಾಡಿ ಒಮ್ಮೆ ಕೊಟ್ಟರೆ ಚೆಲ್ಲಿಬಿಟ್ಟಿದ್ದರು.

ಆ ಕೋಣೆಯಲ್ಲಿ ನನ್ನನ್ನು ಹೆಚ್ಚು ಕುಗ್ಗಿಸಿದ್ದು ರೋಗವಲ್ಲ, ಅದು ಹರಡುವ ಬಗೆ. ಆ ಮನುಷ್ಯ ತಾಳ್ಮೆಯಿಂದ ವಿವರಿಸಿದರು. ಇದು ರಕ್ತದಿಂದ ರಕ್ತಕ್ಕೆ ದಾಟುವ ರೋಗ. ನೀರಿನಿಂದ, ಊಟದಿಂದ, ಮುಟ್ಟಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಬರುವುದಿಲ್ಲ. ನಾನು ತಲೆಯಾಡಿಸುತ್ತಾ ಒಳಗೊಳಗೇ ಬೆವರುತ್ತಿದ್ದೆ. ಏಕೆಂದರೆ ನನ್ನ ತರಗತಿಯಲ್ಲಿ ಎ, ಬಿ, ಸಿ ಎಂಬ ಭೇದವೇ ಇರಲಿಲ್ಲ. 'ಪಿತ್ತಜನಕಾಂಗದ ಉರಿಯೂತ: ಕಲುಷಿತ ನೀರು ಮತ್ತು ಆಹಾರದಿಂದ ಹರಡುತ್ತದೆ' ಎಂದು ಬೋರ್ಡಿನ ಮೇಲೆ ಬರೆದು, ಹಾಗೆಯೇ ಬರೆದ ಮಕ್ಕಳಿಗೆ ಪೂರ್ಣ ಅಂಕ ಕೊಟ್ಟಿದ್ದೆ. ಎ ಮತ್ತು ಇ ಎಂಬ ವೈರಸ್ಸುಗಳಿಗೆ ಆ ಮಾತು ಸರಿ. ಸಿ ನನ್ನ ಬೋರ್ಡನ್ನು ಓದಿಕೊಂಡಿರಲಿಲ್ಲ. 'ರಕ್ತದಿಂದಲೂ ಬರುತ್ತದಂತೆ ಸರ' ಎಂದು ಯಾವುದಾದರೂ ಮಗು ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿರುತ್ತಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆಯ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಎದ್ದು ಹೋಗಿ ನನ್ನ ತಾಟು, ನನ್ನ ಲೋಟ, ನನ್ನ ಚಮಚ ಬೇರೆ ಇಟ್ಟಳು. ಗುರುತಿಗೆ ತಾಟಿನ ಅಂಚಿಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಳು. ಊಟದಿಂದ ಬರುವುದಿಲ್ಲ ಎಂದೆ. "ನೀವ ಅಲ್ಲೇನ್ರಿ ನಮ್ಮ ಮಗಳಿಗೆ ಊಟದಿಂದ ಬರ್ತದ ಅಂತ ಓದಿಸಿದವರು?" ಎಂದಳು. ಚುಕ್ಕೆಯ ತಾಟಿನಲ್ಲೇ ಉಂಡೆ.

ಸುದ್ದಿ ಬೀಗರವರೆಗೆ ಹೋಗಲು ಒಂದು ದಿನ ಸಾಕಾಯಿತು. ಹೆಂಡತಿಯ ಅಣ್ಣ ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರಿ. ಮನೆತನದಲ್ಲಿ ಯಾರಿಗೆ ಏನೇ ಆದರೂ ತೀರ್ಪು ಅವರದೇ. ಭಾನುವಾರ ಬಂದು ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ನಾನು ಕುಡಿಯುತ್ತೇನೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಗಂಟಲು ಸರಿಮಾಡಿಕೊಂಡು, ಹೊರಗೆ ಎಲ್ಲಾದರೂ 'ಹೋಗಿ ಬರುವ' ಅಭ್ಯಾಸ ಉಂಟೇ ಎಂದು ಕೇಳಿದರು. ದಿನಾ ಕಮಲಾಪುರಕ್ಕೆ ಹೋಗಿ ಬರುತ್ತೇನಲ್ಲ ಎಂದೆ. ಅವರಿಗೆ ನಗು ಬರಲಿಲ್ಲ. ಇದು ಕಾಮಣಿಯೇ, ಅಂದರೆ ಕಾಮಾಲೆ, ಕಾಮಣಿಗೆ ಮುಂಗೈಗೆ ಬರೆ ಹಾಕಿಸಬೇಕು, ಹಾಕುವವರು ತಮಗೆ ಗೊತ್ತು ಎಂದು ಅಪ್ಪಣೆ ಕೊಟ್ಟರು. ಹೆಂಡತಿ ಚಹಾ ತಂದಳು. ಅವರು ನಮ್ಮ ಕಪ್ಪಿನ ಕಡೆ ಒಮ್ಮೆ ನೋಡಿ, ಕಾಗದದ ಕಪ್ಪು ಇದ್ದರೆ ಒಳ್ಳೆಯದಿತ್ತು ಎಂದರು. ಮಗಳು ಹೋಗಿ ಅಂಗಡಿಯಿಂದ ತಂದಳು.

ಕಾಗದದ ಕಪ್ಪಿನಲ್ಲಿ ಚಹಾ ಹೀರುತ್ತಾ ಮಾತಾಡುತ್ತಿದ್ದವರಿಗೆ ಕಾಲಿನ ಉಗುರು ಕಿರಿಕಿರಿ ಮಾಡಿರಬೇಕು. ಕಪಾಟಿನ ಮೇಲಿದ್ದ ನನ್ನ ನೇಲ್ ಕಟರ್ ತೆಗೆದುಕೊಂಡು ಹೆಬ್ಬೆರಳಿನ ಅಂಚನ್ನು ಕೊರೆಯತೊಡಗಿದರು. ಕೊರೆದ ರಭಸಕ್ಕೆ ಸಣ್ಣಗೆ ರಕ್ತವೂ ಬಂತು. ನಾನು ಒಂದು ಕ್ಷಣ ಯೋಚಿಸಿದೆ. ಹೇಳದೆ ಇದ್ದರೆ ಪಾಪ, ಹೇಳಿದರೆ ತಮಾಷೆ. ಹೇಳಿದೆ: "ಅಣ್ಣಾರೆ, ನಮ್ಮ ಕಪ್ಪಿನಿಂದ ಏನೂ ಬರ್ತಿದ್ದಿಲ್ಲ. ಬಂದ್ರ ನಿಮ್ಮ ಕೈಯಾಗಿರೋ ಅದರಿಂದ ಬರಬಹುದು." ಕಟರ್ ನೆಲಕ್ಕೆ ಬಿತ್ತು. ಆಮೇಲೆ ಅವರೂ ಪರೀಕ್ಷೆ ಮಾಡಿಸಿಕೊಂಡರು, ಏನೂ ಇರಲಿಲ್ಲ. ಆದರೆ ಬರೆಯ ವಿಷಯ ಮತ್ತೆ ಎತ್ತಲಿಲ್ಲ.

ಶಾಲೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿದೆ. ಉರ್ದು ಕಲಿಸುವ ನನ್ನ ಗೆಳೆಯರು. ಹದಿನೈದು ವರ್ಷದಿಂದ ಮಧ್ಯಾಹ್ನದ ಡಬ್ಬಿ ಹಂಚಿಕೊಂಡು ತಿಂದವರು ನಾವು. ಆ ದಿನ ನನ್ನ ಡಬ್ಬಿ ನನ್ನ ಕಡೆ ಎಳೆದುಕೊಂಡು, ಇಂದಿನಿಂದ ಬೇರೆ ಬೇರೆ ತಿನ್ನೋಣ ಎಂದು ಕಾರಣ ಹೇಳಿದೆ. ಅವರು ನನ್ನ ಡಬ್ಬಿಗೇ ಕೈಹಾಕಿ ರೊಟ್ಟಿ ಮುರಿದು ಪುಂಡಿಪಲ್ಯ ಎತ್ತಿಕೊಂಡರು. "ಕೈಕು ಡರ್ತೆ ಜೀ? ಖಾನೇ ಸೇ ನೈ ಆತಾ, ಊಟದಿಂದ ಬರಂಗಿಲ್ರಿ. ನಮ್ಮ ಅಮ್ಮೀಗೆ ಡಯಾಲಿಸಿಸ್ ನಡದದಲ್ರಿ, ಅಲ್ಲಿ ಇದಕ್ಕ ಮಶೀನೇ ಬ್ಯಾರೆ ಇಟ್ಟಾರ. ನರ್ಸಮ್ಮಗಳು ಎಲ್ಲ ಹೇಳ್ಯಾರ" ಎಂದರು. ಪದೇ ಪದೇ ರಕ್ತ ಮಶೀನಿಗೆ ಹೋಗಿ ಬರುವವರಿಗೆ, ಹಿಂದೆ ಪರೀಕ್ಷೆ ಮಾಡದ ರಕ್ತ ಹಾಕಿಸಿಕೊಂಡವರಿಗೆ, ಒಂದೇ ಸೂಜಿಯಿಂದ ನಶೆ ಏರಿಸಿಕೊಳ್ಳುವವರಿಗೆ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರಿಗೆ ಅಪಾಯ ಹೆಚ್ಚು ಎಂದು ಉರ್ದು ಮಾಸ್ತರ ವಿಜ್ಞಾನದ ಮಾಸ್ತರನಿಗೆ ಪಾಠ ಮಾಡಿದರು. ತಿನ್ನುತ್ತಾ ತಿನ್ನುತ್ತಾ ನನ್ನ ಪಲ್ಯವನ್ನು ಪೂರಾ ಖಾಲಿ ಮಾಡಿದರು.

ಎರಡನೆಯ ಪರೀಕ್ಷೆಯಲ್ಲೂ ವೈರಸ್ ಇದೆ ಎಂದೇ ಬಂತು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಮೇಡಂ ಮುಂದೆ ಹೋಗಿ ಕೂತೆ. ಅವರು ಒಂದೊಂದಾಗಿ ಕೇಳುತ್ತಾ ಹೋದರು. ಎಂದಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಆಪರೇಷನ್? ಹಚ್ಚೆ? ಬೇರೆಯವರ ರೇಜರ್? ನಾನು ಪ್ರತಿಯೊಂದಕ್ಕೂ ಹೆಮ್ಮೆಯಿಂದ ಇಲ್ಲ, ಇಲ್ಲ ಎನ್ನುತ್ತಿದ್ದೆ. ಕೊನೆಗೆ, ಚಿಕ್ಕವರಿದ್ದಾಗ ಇಂಜೆಕ್ಷನ್ ಜಾಸ್ತಿ ಮಾಡಿಸಿಕೊಂಡಿದ್ದಿರಾ ಎಂದರು. ನನಗೆ ನಗು ಬಂತು. ಅವರು ಪೆನ್ನು ಕೆಳಗಿಟ್ಟು ಕಾದರು.

ನಮ್ಮೂರಿನಲ್ಲಿ ಸೂಜಿ ಮಾಡಿಸಿಕೊಳ್ಳದೆ ದೊಡ್ಡವರಾದವರು ಯಾರಿದ್ದಾರೆ? ಇಂಜೆಕ್ಷನ್ನಿಗೆ ನಮ್ಮಲ್ಲಿ ಸೂಜಿ ಎನ್ನುತ್ತಾರೆ. ನಮ್ಮ ಓಣಿಗೆ ಒಬ್ಬರು ಕಂಪೌಂಡರ್ ಬರುತ್ತಿದ್ದರು. ಯಾವುದೋ ಡಾಕ್ಟರ ಕೈಕೆಳಗೆ ನಾಲ್ಕು ವರ್ಷ ಗುಳಿಗೆ ಎಣಿಸಿ, ನಂತರ ಸೈಕಲ್ಲು ಕೊಂಡು ತಾವೇ ಡಾಕ್ಟರಾಗಿದ್ದರು. ಹ್ಯಾಂಡಲಿಗೆ ಚೀಲ, ಚೀಲದಲ್ಲಿ ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಗಾಜಿನ ಸಿರಿಂಜು, ಎರಡು ಸೂಜಿ. ಗುಳಿಗೆ ಕೊಟ್ಟರೆ ಜನ ಅವಮಾನವಾದಂತೆ ಮುಖ ಮಾಡುತ್ತಿದ್ದರು. ಜ್ವರಕ್ಕೆ ಸೂಜಿ, ನೆಗಡಿಗೆ ಸೂಜಿ, ಕೆಲಸ ಮಾಡಿ ಮೈನೋವಾದರೆ ಸೂಜಿ, ಏನೂ ಆಗದಿದ್ದರೆ ಶಕ್ತಿಗೆಂದು ಕೆಂಪು ಸೂಜಿ. ನೋವಾದಷ್ಟೂ ಔಷಧ ಚುರುಕು ಎಂಬ ನಂಬಿಕೆ. ಸಂತೆಯ ದಿನ ನಮ್ಮ ಕಟ್ಟೆಯ ಮುಂದೆ ಸಾಲು ನಿಲ್ಲುತ್ತಿತ್ತು. ಒಬ್ಬರ ತೋಳಿನಿಂದ ಹೊರಬಂದ ಸೂಜಿ, ಸ್ಪಿರಿಟ್ಟಿನ ಹತ್ತಿಯಲ್ಲಿ ಒಮ್ಮೆ ಮೈ ಒರೆಸಿಕೊಂಡು ಮುಂದಿನವರ ತೋಳಿಗೆ ಹೋಗುತ್ತಿತ್ತು. ಮೊನೆ ಮೊಂಡಾದರೆ ಸಣ್ಣ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದರು. ಕೃತಜ್ಞತೆಗೆ ನಮ್ಮೂರಿನ ಕೆಂಪು ಬಾಳೆಹಣ್ಣಿನ ಚಿಪ್ಪು ಅವರ ಸೈಕಲ್ಲಿಗೆ ಕಟ್ಟಿ ಕಳಿಸುತ್ತಿದ್ದೆವು. ವಿಷಮಜ್ವರ ಬಂದ ವರ್ಷ ನನಗೂ ಅಕ್ಕನಿಗೂ ಹಲವು ದಿನ ಎರಡು ಹೊತ್ತು ಸೂಜಿ ಬಿದ್ದಿತ್ತು. ನನ್ನ ಸೂಜಿಯ ಭಯ ಹುಟ್ಟಿದ್ದು ಆಗಲೇ.

ಡಾಕ್ಟರ್ ಮೇಡಂ ಎಲ್ಲ ಕೇಳಿಸಿಕೊಂಡು, ಅದೇ ಮೂಲ ಎಂದು ಯಾರೂ ಆಣೆ ಮಾಡಿ ಹೇಳಲಾಗದು, ಆದರೆ ಅದೇ ಇದ್ದೀತು ಎಂದರು. ಈ ವೈರಸ್ ಇಪ್ಪತ್ತು ಮೂವತ್ತು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು, ಸದ್ದಿಲ್ಲದೆ ಯಕೃತ್ತಿನಲ್ಲಿ ಬಾಡಿಗೆ ಕೊಡದೆ ವಾಸಿಸುತ್ತದೆ. ಇದಕ್ಕೆ ಲಸಿಕೆ ಇಲ್ಲ, ಆದರೆ ಮೂರು ತಿಂಗಳು ದಿನಕ್ಕೊಂದರಂತೆ ಗುಳಿಗೆ ನುಂಗಿದರೆ ಬಹುತೇಕ ಎಲ್ಲರಿಗೂ ಗುಣವಾಗುತ್ತದೆ, ಗುಳಿಗೆಯನ್ನು ಸರ್ಕಾರವೇ ಕೊಡುತ್ತದೆ ಎಂದರು. ಸೂಜಿ ಇಲ್ಲವೇ ಎಂದು ಕೇಳಿದೆ. ಇಲ್ಲ ಎಂದರು. ಸೂಜಿಯಿಂದ ಬಂದ ರೋಗ ಗುಳಿಗೆಯಿಂದ ಹೋಗುವುದನ್ನು ನಮ್ಮೂರಿನವರು ನಂಬಲಿಕ್ಕಿಲ್ಲ. ಮನೆಮಂದಿಯ ಪರೀಕ್ಷೆಯೂ ಆಗಲಿ ಎಂದರು. ಹೆಂಡತಿಗೂ ಮಗಳಿಗೂ ಇರಲಿಲ್ಲ. ಆ ದಿನ ಸಂಜೆ ಹೆಂಡತಿ ತಾನಾಗಿಯೇ ಉಗುರುಬಣ್ಣದ ಚುಕ್ಕೆಯನ್ನು ತಿಕ್ಕಿ ತೆಗೆದು, ತಾಟನ್ನು ಉಳಿದವುಗಳ ಜೊತೆ ಸೇರಿಸಿದಳು. ಬದಲಿಗೆ ನನ್ನ ರೇಜರು, ಹಲ್ಲುಜ್ಜುವ ಬ್ರಷ್ಷು, ನೇಲ್ ಕಟರುಗಳಿಗೆ ಬೇರೆ ಡಬ್ಬಿ ಮಾಡಿಟ್ಟಳು. ನಾನು ಗುಣವಾಗುವವರೆಗೆ ಆ ಡಬ್ಬಿ ಅವಳ ಕಾವಲಿನಲ್ಲಿತ್ತು.

ಆಗಲೇ ನನಗೆ ಅಕ್ಕನ ನೆನಪು ಚುಚ್ಚತೊಡಗಿದ್ದು. ನನಗಿಂತ ಏಳು ವರ್ಷ ದೊಡ್ಡವಳು, ಕಮಲಾಪುರದಲ್ಲೇ ಮದುವೆಯಾಗಿ ಅಲ್ಲಿಯೇ ಉಳಿದವಳು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ರೊಟ್ಟಿ ಕೇಂದ್ರ. ಜೋಳದ ರೊಟ್ಟಿ ತಟ್ಟಿ ಅಂಗಡಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾಳೆ. ಎರಡು ವರ್ಷದಿಂದ ಅವಳಿಗೆ ಸುಸ್ತು, ಕಾಲು ಬಾವು. ಒಲೆಯ ಮುಂದೆ ಕೂತು ಕೂತು ಹಾಗೆ ಎಂದು ಎಲ್ಲರೂ ಹೇಳಿದ್ದೆವು. ವಿಷಮಜ್ವರದ ನಂತರವೂ ಅವಳು ಶಕ್ತಿಗೆಂದು ಕೆಂಪು ಸೂಜಿಯನ್ನು ವರ್ಷಗಟ್ಟಲೆ ಬಿಟ್ಟಿರಲಿಲ್ಲ.

ಪರೀಕ್ಷೆ ಮಾಡಿಸು ಎಂದರೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಆಗುವುದಿಲ್ಲ ಎಂದಳು. ಹತ್ತು ಸಲ ಹೇಳಿದೆ. ಹನ್ನೊಂದನೆಯ ಸಲ ಸಿಟ್ಟಿನಿಂದ ಕೈಯಲ್ಲಿದ್ದ ಹಿಟ್ಟು ಕೊಡವಿದಳು.

"ತಮ್ಮಾ, ನೀ ಸರ್ಕಾರಿ ನೌಕರಿಯವ. ರೋಗ ಬಂದ್ರೂ ನಿನ್ನ ಪಗಾರ ಬರ್ತದ. ನನಗ ಅಂಟುರೋಗ ಅದ ಅಂತ ಊರಾಗ ಗೊತ್ತಾದ್ರ ನನ್ನ ರೊಟ್ಟಿ ಯಾರ್ ತಿಂತಾರ?"

ರೊಟ್ಟಿಯಿಂದ ಹರಡುವುದಿಲ್ಲ ಎಂದೆ. ಅದು ನನಗೂ ನಿನಗೂ ಗೊತ್ತಿದ್ದರೆ ಏನು ಬಂತು ಎಂದಳು. ಕೊನೆಗೆ ಅವಳನ್ನು ಒಪ್ಪಿಸಿದ್ದು ನನ್ನ ಹೆಂಡತಿ. ಕಣ್ಣು ತೋರಿಸಿಕೊಂಡು ಬರೋಣ ಎಂದು ಕಲಬುರಗಿಗೆ ಕರೆಸಿ, ಕಣ್ಣೂ ತೋರಿಸಿ, ರಕ್ತವನ್ನೂ ಕೊಡಿಸಿದಳು.

ಅಕ್ಕನಿಗೆ ವೈರಸ್ ಇತ್ತು. ನನ್ನ ಯಕೃತ್ತು ಇನ್ನೂ ಮೆತ್ತಗಿತ್ತು, ಅವಳದು ಕಲೆಗಟ್ಟಿ ಗಟ್ಟಿಯಾಗಿತ್ತು. ಸಿರೋಸಿಸ್ ಎಂದರು ಡಾಕ್ಟರ್ ಮೇಡಂ. ಹೊಟ್ಟೆಯಲ್ಲಿ ನೀರು ಸೇರಲು ಶುರುವಾಗಿದೆ, ಕಾಲಿನ ಬಾವು ಅದರದೇ ಎಂದರು. ಗುಳಿಗೆ ಅವಳಿಗೆ ಆರು ತಿಂಗಳು. ವೈರಸ್ ಹೋಗಬಹುದು, ಆದರೆ ಆದ ಗಾಯ ಪೂರ್ತಿ ಹೋಗುವುದಿಲ್ಲ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ಅಕ್ಕ ಎಲ್ಲ ಕೇಳಿ, ನಾಳೆ ಒಂದು ಮದುವೆಗೆ ರೊಟ್ಟಿ ಕೊಡುವುದಿದೆ, ಬೇಗ ಬಸ್ಸು ಸಿಕ್ಕರೆ ಸಾಕು ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ದಾರಿಯಲ್ಲಿರುವ ಮಹಾಗಾಂವ ದಾಟುವವರೆಗೂ ತಿರುಗಲಿಲ್ಲ.

ನನ್ನ ಸಿಟ್ಟಿಗೆ ಒಂದು ಮುಖ ಬೇಕಾಗಿತ್ತು. ಕಂಪೌಂಡರ್ ಇನ್ನೂ ಬದುಕಿದ್ದಾರೆ, ಮಹಾಗಾಂವದಲ್ಲಿ ಮಗನ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಮುಂದಿನ ಭಾನುವಾರ ಹೊರಟೆ. ಬಸ್ಸಿನಲ್ಲಿ ಏನೇನು ಹೇಳಬೇಕೆಂದು ಪೂರ್ತಿ ಭಾಷಣ ತಯಾರಿಸಿಕೊಂಡಿದ್ದೆ. ಭಾಷಣದಲ್ಲಿ ನಾನು ಪಳಗಿದವನು.

ಎಂಬತ್ತು ದಾಟಿದ ಮನುಷ್ಯ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದರು. ಯಾರ ಮಗ ಎಂದು ಹೇಳಿದೊಡನೆ ಅವರ ಮುಖ ಅರಳಿತು. "ಸೂಜಿ ಕಂಡ್ರ ಗೋಡಿ ಮಾಡದಾಗ ಹೊಕ್ಕು ಕೂಡ್ತಿದ್ದಿ. ಈಗ ಮಾಸ್ತರ ಆಗೀಯಂತಲ್ಲ" ಎಂದು ಸೊಸೆಗೆ ಚಹಾ ಇಡಲು ಹೇಳಿದರು. ನಾನು ಕೇಳದಿದ್ದರೂ ಒಳಗಿನಿಂದ ಆ ಸ್ಟೀಲಿನ ಡಬ್ಬಿ ತರಿಸಿದರು. ಗಾಜಿನ ಸಿರಿಂಜು, ಎರಡು ಸೂಜಿ, ಮಸೆಯುವ ಕಲ್ಲು. ದೇವರ ಸಾಮಾನಿನಂತೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

ನನ್ನ ಭಾಷಣದ ಮೊದಲ ಸಾಲು ಅಲ್ಲಿಯೇ ಸಿಕ್ಕಿಕೊಂಡಿತು. ಬರೀ ಕೇಳಿದೆ: ಇದನ್ನು ಪ್ರತಿಯೊಬ್ಬರಿಗೂ ಕುದಿಸುತ್ತಿದ್ದಿರಾ?

"ಮುಂಜಾನೆ ಒಮ್ಮೆ ಕುದಿಸ್ತಿದ್ದೆ. ಸ್ಟೋವಿಗೆ ಎಣ್ಣಿ ಇದ್ದ ದಿನ ಮಧ್ಯಾಹ್ನನೂ ಒಮ್ಮೆ. ಸಂತಿ ದಿನ ಜನ ಬಿಡ್ತಿದ್ದಿಲ್ಲೋ ಮಾಸ್ತರ. ಸ್ಪಿರಿಟ್ ಹಚ್ಚಿ ಮಾಡ್ತಿದ್ದೆ. ಹಂಗ ಮಾಡು ಅಂತ ನನಗ ಕಲಿಸಿದವರು ಕಲಿಸಿದ್ರು. ಯಾಕ ಕೇಳ್ತಿ?"

ಹೇಳಿದೆ. ನನಗೆ ಬಂದದ್ದು, ಅಕ್ಕನಿಗೆ ಆದದ್ದು, ಒಬ್ಬರ ರಕ್ತ ಕಣ್ಣಿಗೆ ಕಾಣದಷ್ಟು ಸೂಜಿಯಲ್ಲಿ ಉಳಿದರೂ ಇನ್ನೊಬ್ಬರಿಗೆ ದಾಟುತ್ತದೆ ಎಂಬುದು, ಸ್ಪಿರಿಟ್ಟಿನ ಹತ್ತಿ ಸೂಜಿಯ ಒಳಗೆ ಹೋಗುವುದಿಲ್ಲ ಎಂಬುದು. ಅವರು ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಎರಡೂ ಕೈ ನನ್ನ ಮುಂದೆ ಚಾಚಿ, ಬೆರಳುಗಳನ್ನು ತೋರಿಸಿದರು.

"ಇವೇನು ಕಡಿಮಿ ಚುಚ್ಚಿಸಿಕೊಂಡಾವೇನು? ಮೊನೆ ಮಸೆಯುವಾಗ, ಸೂಜಿ ಬಿಚ್ಚುವಾಗ, ದಿನಾ ಒಮ್ಮೆರೆ ಚುಚ್ಚುತಿತ್ತು. ಹಂಗಾದ್ರ ನನಗೂ ಇರಬೇಕಲ್ಲ?"

ಇರಬಹುದು, ಸೂಜಿ ಚುಚ್ಚಿಸಿಕೊಳ್ಳುವ ಆಸ್ಪತ್ರೆಯ ಕೆಲಸಗಾರರಿಗೂ ಈ ಅಪಾಯವಿದೆ ಎಂದೆ. ಬೈಯಲು ಹೋದವನು ಮರುದಿನ ಶಾಲೆಗೆ ರಜೆ ಹಾಕಿ, ಅವರ ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸುತ್ತಿದ್ದೆ.

ಅವರ ಫಲಿತಾಂಶ ಬಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೈರಸ್ ಎಂದೋ ಬಂದು ಹೋದ ಗುರುತು ರಕ್ತದಲ್ಲಿತ್ತು, ವೈರಸ್ ಮಾತ್ರ ಇರಲಿಲ್ಲ. ಕೆಲವರ ದೇಹ ಔಷಧವಿಲ್ಲದೆಯೇ, ತಗಲಿದ ಕೆಲವು ತಿಂಗಳಲ್ಲಿ ಅದನ್ನು ತಾನೇ ಹೊರಗೆ ಹಾಕಿಬಿಡುತ್ತದೆ, ಇವರ ಅದೃಷ್ಟ ಎಂದರು ಡಾಕ್ಟರ್ ಮೇಡಂ. ಊರಿಗೆಲ್ಲ ಸೂಜಿ ಮಾಡಿದವರ ಯಕೃತ್ತು ಹೂವಿನಂತಿತ್ತು. ಕಂಪೌಂಡರಿಗೆ ಅದು ಸಂತೋಷ ತರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು, ನಿಮ್ಮ ಅಕ್ಕನ ಬದಲು ನನಗೆ ಉಳಿದಿದ್ದರೆ ಆಗುತ್ತಿರಲಿಲ್ಲವೇ ಎಂದರು.

ಇಷ್ಟಾದ ಮೇಲೆ ಸುಮ್ಮನಿರುವುದು ಹೇಗೆ? ನಾನು ಹುಟ್ಟಿ ಬೆಳೆದ ಓಣಿಯಲ್ಲಿ ನನ್ನ ವಾರಿಗೆಯವರು, ಅಕ್ಕನ ವಾರಿಗೆಯವರು ಎಷ್ಟೊಂದು ಜನ. ಕಮಲಾಪುರದ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡೆ. ಸಂತೆಯ ದಿನ ತಪಾಸಣೆ ಇಡೋಣ ಎಂದು ಅವರು ಒಪ್ಪಿದರು. ಕರಪತ್ರ ಬರೆಯುವ ಹೊಣೆ ನನ್ನದಾಯಿತು. 'ಪಿತ್ತಜನಕಾಂಗ', 'ಪ್ರತಿಕಾಯ', 'ಸಂಕ್ರಮಣ', 'ಅಸುರಕ್ಷಿತ ಚುಚ್ಚುಮದ್ದು' ಎಂಬ ಸುಂದರ ಶಬ್ದಗಳನ್ನೆಲ್ಲ ಜೋಡಿಸಿ ಒಂದು ಪುಟ ಬರೆದೆ. ಉರ್ದು ಮಾಸ್ತರ ಅದನ್ನು ಓದಿ, ಇದು ರೋಗಕ್ಕಿಂತ ಕಠಿಣ ಇದೆ ಎಂದರು. ಆದರೂ ಹಂಚಿದೆವು. ಸಂತೆಯಲ್ಲಿ ಭಜಿ ಕಟ್ಟಿಕೊಡಲು ಅದು ಬಹಳ ಅನುಕೂಲವಾಯಿತು. ಆ ದಿನ ತಪಾಸಣೆಗೆ ಬಂದವರು ಉರ್ದು ಮಾಸ್ತರರು ಮತ್ತು ವಿಳಾಸ ಕೇಳಲು ಬಂದ ಒಬ್ಬ ಪ್ರಯಾಣಿಕ.

ಮುಂದಿನ ಸಂತೆಗೆ ಕಂಪೌಂಡರ್ ಬಂದರು. ಮಗ ಬೇಡವೆಂದರೂ ಕೇಳಲಿಲ್ಲವಂತೆ. ಆರೋಗ್ಯ ಕೇಂದ್ರದ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಊರಿನ ಅರ್ಧಕ್ಕರ್ಧ ಮುಖಗಳು ಅವರಿಗೆ ಗೊತ್ತಿದ್ದವು. ದಾರಿಯಲ್ಲಿ ಹೋಗುವವರನ್ನು ಕರೆಕರೆದು ಒಂದೇ ಮಾತು ಹೇಳುತ್ತಿದ್ದರು: "ನಾ ನಿನಗ ಸೂಜಿ ಮಾಡೀನಿ. ಒಂದೇ ಸೂಜಿಲೆ ಹತ್ತು ಮಂದಿಗೆ ಮಾಡೀನಿ. ಅದು ತಪ್ಪಿತ್ತು. ಒಳಗ ಹೋಗಿ ರಕ್ತ ತೋರಿಸು." ನನ್ನ ಕರಪತ್ರ ಒಂದು ಪುಟದಲ್ಲಿ ಹೇಳಲಾಗದ್ದನ್ನು ಅವರು ಇಷ್ಟರಲ್ಲಿ ಹೇಳಿದ್ದರು.

ಕೆಲವರು ನಕ್ಕರು. ಕೆಲವರು ನಿಮ್ಮ ಕೈಗುಣದಿಂದಲೇ ಬದುಕಿದ್ದೇವೆ, ಹೀಗೆಲ್ಲ ಹೇಳಬೇಡಿ ಎಂದು ಕಾಲು ಮುಟ್ಟಿದರು. ಒಬ್ಬ ಬಾಯಿಗೆ ಬಂದಂತೆ ಬೈದು ಹೋದ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಳೆಯ ಮನೆಯ ಹಿಂದಿನ ಓಣಿಯ ಹೆಂಗಸೊಬ್ಬರು ಕಾಯಿಪಲ್ಯದ ಚೀಲ ಹಿಡಿದು ಬಂದು ಅವರ ಮುಂದೆ ನಿಂತರು. ಅವರ ಗಂಡ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡಿದ್ದು ಊರಿಗೆಲ್ಲ ಗೊತ್ತಿತ್ತು. ಕುಡಿದು ಸತ್ತ ಎಂದೇ ಊರು ಮಾತಾಡಿತ್ತು. ಆ ಮನುಷ್ಯ ಜೀವಮಾನದಲ್ಲಿ ಹೆಂಡ ಮುಟ್ಟಿರಲಿಲ್ಲ ಎಂದು ಆಕೆ ಹೇಳಿದರೆ, ಎಲ್ಲ ಹೆಂಡತಿಯರೂ ಹಾಗೆಯೇ ಹೇಳುತ್ತಾರೆ ಎಂದು ನಕ್ಕವರಲ್ಲಿ ನಾನೂ ಒಬ್ಬ.

"ನಮ್ಮ ಮನಿಯವರಿಗೂ ನೀವೇ ಮಾಡಿದ್ರಿ" ಎಂದರು ಆಕೆ.

ಕಂಪೌಂಡರ್ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಹೌದವ್ವ. ನಾನೇ ಮಾಡೀನಿ" ಎಂದರು.

ಆಕೆ ಕಾಯಿಪಲ್ಯದ ಚೀಲವನ್ನು ಅವರ ಕುರ್ಚಿಯ ಪಕ್ಕದಲ್ಲಿಟ್ಟು, ನೋಡಿಕೊಂಡಿರಿ ಎಂದು ಒಳಗೆ ಹೋಗಿ ಸಾಲಿನಲ್ಲಿ ನಿಂತರು. ಅವರ ಹಿಂದೆ ಇನ್ನೂ ನಾಲ್ಕೈದು ಜನ ಹೋದರು. ಸಂಜೆಯವರೆಗೆ ಸಾಲು ಕರಗಲಿಲ್ಲ.

ಯಾರಿಗೆ ಬಂತು, ಯಾರಿಗೆ ಇರಲಿಲ್ಲ ಎಂಬುದು ನಾನು ಹೇಳುವ ವಿಷಯವಲ್ಲ. ಆಕೆಗೆ ಇರಲಿಲ್ಲ ಎಂದಷ್ಟು ಹೇಳಬಹುದು, ಅದನ್ನು ಅವರೇ ಊರಿಗೆಲ್ಲ ಹೇಳಿಕೊಂಡು ಬಂದರು. ಜೊತೆಗೆ ತಮ್ಮ ಗಂಡ ಕುಡುಕನಾಗಿರಲಿಲ್ಲ ಎಂಬುದನ್ನೂ ಹೇಳಿದರು. ಈ ಸಲ ಯಾರೂ ನಗಲಿಲ್ಲ. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು.

ಮೂರು ತಿಂಗಳ ಗುಳಿಗೆ ಮುಗಿಸಿ, ಮತ್ತೆ ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ ನನ್ನ ರಕ್ತದಲ್ಲಿ ವೈರಸ್ ಇರಲಿಲ್ಲ. ಆದರೂ ಅದರ ಗುರುತು ಉಳಿಯುತ್ತದೆ, ಇನ್ನು ಜನ್ಮದಲ್ಲಿ ರಕ್ತದಾನ ಮಾಡುವಂತಿಲ್ಲ ಎಂದರು ಡಾಕ್ಟರ್ ಮೇಡಂ. ಮತ್ತೆ ಯಾರ ಸೂಜಿಯಾದರೂ ಚುಚ್ಚಿದರೆ ರೋಗ ಮತ್ತೆ ಬರಬಹುದು, ಒಮ್ಮೆ ಬಂದು ಹೋಯಿತೆಂದು ಮೆರೆಯಬೇಡಿ ಎಂದೂ ಎಚ್ಚರಿಸಿದರು. ಹೆಂಡತಿಯ ಅಣ್ಣ ಸಿಹಿ ತಂದುಕೊಟ್ಟು, ತಾವು ನಮ್ಮ ದೇವರಿಗೆ ಹರಕೆ ಹೊತ್ತದ್ದು ಫಲಿಸಿತು ಎಂದರು. ಗುಳಿಗೆಯ ಮಾತು ನಾನೂ ಎತ್ತಲಿಲ್ಲ.

ಅಕ್ಕನ ವಿಷಯ ಅಷ್ಟು ಸರಳವಾಗಲಿಲ್ಲ. ತಪಾಸಣೆಯ ಗದ್ದಲದಲ್ಲಿ ಅವಳ ರೋಗವೂ ಊರಿಗೆ ಗೊತ್ತಾಯಿತು. ಒಂದು ಹೋಟೆಲಿನವರು ರೊಟ್ಟಿ ಬೇಡವೆಂದರು. ಆ ಹೋಟೆಲಿನಲ್ಲಿ ತಾಟುಗಳನ್ನು ಅದ್ದಿ ತೆಗೆಯುವ ಬಕೀಟಿನ ನೀರು ಬೆಳಗಿನಿಂದ ಸಂಜೆಯವರೆಗೆ ಅದೇ ಇರುತ್ತದೆ, ಶುಚಿಯ ಬಗ್ಗೆ ಅವರ ಕಾಳಜಿ ಆ ಮಟ್ಟದ್ದು. ಒಂದು ತಿಂಗಳು ಅವಳ ಒಲೆಗಳು ಅರ್ಧ ಉರಿದವು. ಉರ್ದು ಮಾಸ್ತರ ಮಗಳ ಮದುವೆಗೆ ಅಷ್ಟೂ ರೊಟ್ಟಿ ಅಕ್ಕನಿಂದಲೇ ಮಾಡಿಸಿ, ಕೇಳಿದವರಿಗೆಲ್ಲ ಎಲ್ಲಿಯದೆಂದು ಜೋರಾಗಿ ಹೇಳಿದರು. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಬಾರದವರೂ ಇದ್ದಾರೆ. ಆರು ತಿಂಗಳ ಗುಳಿಗೆಯಿಂದ ಅವಳ ವೈರಸ್ ಹೋಯಿತು, ಕಾಲಿನ ಬಾವು ಇಳಿಯಿತು. ಯಕೃತ್ತಿನ ಗಾಯ ಹಾಗೆಯೇ ಇದೆ. ಪ್ರತಿ ಸ್ಕ್ಯಾನಿನ ಹಿಂದಿನ ದಿನದಿಂದ ಅವಳು ಯಾರ ಜೊತೆಯೂ ಮಾತಾಡುವುದಿಲ್ಲ. ಫಲಿತಾಂಶ ಬಂದ ದಿನ ಮೂರು ದಿನದ ಮಾತನ್ನು ಒಟ್ಟಿಗೆ ಆಡುತ್ತಾಳೆ.

ಮೊನ್ನೆ ಅವಳ ಮೊಮ್ಮಗಳಿಗೆ ಕಿವಿ ಚುಚ್ಚುವ ಕಾರ್ಯಕ್ರಮವಿತ್ತು. ಮನೆತುಂಬ ನೆಂಟರು, ಮುಹೂರ್ತ ಬೇರೆ. ಅಕ್ಕಸಾಲಿಗ ಪತ್ತಾರರು ಬಂದು ಕೂತು, ಚೀಲದಿಂದ ಸೂಜಿ ತೆಗೆದು ಧೋತ್ರದ ಅಂಚಿಗೆ ಒರೆಸಿದರು. ಒಲೆಮನೆಯಿಂದ ಬಂದ ಅಕ್ಕ ಅವರ ಕೈಯನ್ನೇ ಹಿಡಿದು, ಇದರಿಂದ ನಿನ್ನೆ ಯಾರ ಕಿವಿ ಚುಚ್ಚಿದಿರಿ ಎಂದು ಕೇಳಿದಳು. ಪತ್ತಾರರಿಗೆ ಅವಮಾನವಾಯಿತು. ತಲೆತಲಾಂತರದಿಂದ ಇದೇ ಕೆಲಸ ಮಾಡುತ್ತಿದ್ದೇವೆ ಎಂದರು. ಗಳಿಗೆ ಮೀರುತ್ತದೆ ಎಂದು ಹಿರಿಯರು ಗೊಣಗಿದರು. ಅಕ್ಕ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನೇರವಾಗಿ ಆರೋಗ್ಯ ಕೇಂದ್ರಕ್ಕೆ ನಡೆದಳು. ನೆಂಟರೆಲ್ಲ ರೇಷ್ಮೆ ಸೀರೆಯಲ್ಲಿ ಅವಳ ಹಿಂದೆ ಮೆರವಣಿಗೆ ಹೋದರು. ಅಲ್ಲಿ ಹೊಸ ಸೂಜಿಯ ಪಾಕೀಟನ್ನು ಅವಳ ಕಣ್ಣಮುಂದೆ ಹರಿದು ಕಿವಿ ಚುಚ್ಚಿಕೊಟ್ಟರು. ಮಗು ಊರಿಗೆ ಕೇಳುವಂತೆ ಅತ್ತಿತು. ನಾನು ಎಂದಿನಂತೆ ಹೊರಗೆ ನಿಂತಿದ್ದೆ.